ಕೆಮ್ಮಿದರೆ ದನಿ ಬರುತ್ತದೆ, ಮಾತಾಡಿದರೆ ಇಲ್ಲ

2024ರ ಫೆಬ್ರವರಿಯ ಒಂದು ಭಾನುವಾರ. ಮನಸ್ಸಿನ ತೊಂದರೆ ಇರುವವರನ್ನು ನೋಡುವ ಚಿಕ್ಕಬಳ್ಳಾಪುರದ ನನ್ನ ಕೋಣೆಗೆ ಗಂಡ ಹೆಂಡತಿ ಬಂದರು. ಹೆಂಡತಿಯ ಕೈಯಲ್ಲಿ ಗಂಟಲು ಡಾಕ್ಟರ ಚೀಟಿ ಇತ್ತು. ಗಂಟಲಲ್ಲಿ ಗಂಟಿಲ್ಲ, ಬಾವು ಇಲ್ಲ, ನರದ ತೊಂದರೆಯೂ ಇಲ್ಲ, ನೀವೊಮ್ಮೆ ನೋಡಿ ಎಂದು ಬರೆದಿದ್ದರು. ಹನ್ನೆರಡು ದಿನದಿಂದ ಆಕೆಗೆ ಮಾತು ಹೊರಡುತ್ತಿರಲಿಲ್ಲ. ಬರೀ ಪಿಸುಗುಟ್ಟುತ್ತಿದ್ದರು.

ಇವರನ್ನು ಸರೋಜ ಅನ್ನೋಣ. ಹೆಸರು, ವಯಸ್ಸು, ಮನೆಯ ವಿವರ ಬದಲಿಸಿದ್ದೇನೆ. ಬರೆಯಲು ಅವರು ಒಪ್ಪಿದ್ದಾರೆ, ಬರೆದದ್ದನ್ನು ಓದಿ ಎರಡು ಕಡೆ ತಿದ್ದಿಸಿದ್ದಾರೆ ಕೂಡ. ವಯಸ್ಸು ಮೂವತ್ತಾರು. ಗೌರಿಬಿದನೂರು ಕಡೆಯ ಒಂದು ಗಾರ್ಮೆಂಟ್ಸ್‌ನಲ್ಲಿ ಸೂಪರ್‌ವೈಸರ್. ಹತ್ತು ವರ್ಷದ ಹಿಂದೆ ದಾರ ಕತ್ತರಿಸುವ ಹೆಲ್ಪರ್ ಆಗಿ ಸೇರಿದವರು ಟೈಲರ್ ಆದರು. ಎರಡು ವರ್ಷದಿಂದ ಒಂದು ಲೈನ್‌ಗೆ ಸೂಪರ್‌ವೈಸರ್. ಗಂಡ ಆಟೋ ಓಡಿಸುತ್ತಾರೆ, ಮಗಳು ಪಿಯುಸಿ.

ಗಂಡನೇ ಮಾತಾಡಿದರು. "ಫ್ಯಾಕ್ಟರೀಲಿ ಎಲ್ರೂ ನಾಟಕ ಅಂತಾವ್ರೆ ಮೇಡಂ. ಮನೇಲಿ ನಮ್ಮಮ್ಮ ದೇವ್ರು ಕೇಳ್ಸೋಣ ಅಂತಾಳೆ."

ಒಮ್ಮೆ ಕೆಮ್ಮಿ ಅಂದೆ. ಕೆಮ್ಮಿದರು. ಗಟ್ಟಿಯಾಗಿ, ದನಿ ಇರುವ ಕೆಮ್ಮು. ಹೆಸರು ಹೇಳಿ ಅಂದರೆ ಮಾತ್ರ ಬರೀ ಗಾಳಿ.

ಇಂಥದ್ದು ಅಪರೂಪವೇನಲ್ಲ. ಮಾತಾಡುವಾಗ ಗಂಟಲಿನ ಎರಡು ತಂತುಗಳು ಹತ್ತಿರ ಬಂದು ಕೂಡಬೇಕು. ಇಂಥವರಲ್ಲಿ ಕೆಮ್ಮುವಾಗ ಕೂಡುತ್ತವೆ, ಮಾತಿಗೆ ಕೂಡುವುದಿಲ್ಲ. ಇವರು ಬೇಕು ಅಂತ ಹಾಗೆ ಮಾಡುವುದಲ್ಲ. ಗಂಡನಿಗೆ ಇದನ್ನು ಎರಡು ಸಲ ಬಿಡಿಸಿ ಹೇಳಿದೆ. ಅವರು ಹೆಂಡತಿಯ ಕಡೆ ತಿರುಗಿ, "ನಾಟಕ ಅಲ್ವಂತೆ" ಅಂದರು. ಆಕೆ ಅತ್ತರು. ಅಳುವಿನಲ್ಲೂ ದನಿ ಇತ್ತು.

ಕೂಗುವುದೇ ಕೆಲಸವಾದವಳ ದನಿ ಹೋಯಿತು ಅಂದ ತಕ್ಷಣ ನಿಮಗೊಂದು ಕಥೆ ಹೊಳೆದಿರುತ್ತದೆ. ನನಗೂ ಹೊಳೆಯಿತು. ಹೊಳೆದದ್ದನ್ನು ಬಂದವರ ಮೇಲೆ ಹೊದಿಸುವುದು ನಮ್ಮ ಕಸುಬಿನವರ ಹಳೇ ಚಾಳಿ. ಹಾಗಾಗಿ ಎರಡು ವಾರ ಆ ಮಾತೆತ್ತಲಿಲ್ಲ. ದನಿಯ ಅಭ್ಯಾಸ ಹೇಳಿಕೊಡುವವರ ಹತ್ತಿರ ಕಳಿಸಿದೆ. ಕೆಮ್ಮಿನ ಕೊನೆಯನ್ನು ಹಿಡಿದು "ಹ್ಮ್" ಎಂದು ಎಳೆಯುವುದು, ಅದರಿಂದ "ಮಾ", ಆಮೇಲೆ ಎಣಿಕೆ. ಕನ್ನಡದಲ್ಲಿ ಒಂದು, ಎರಡು ಬರಲೇ ಇಲ್ಲ. "ಒಕಟಿ, ರೆಂಡು" ಬಂತು. ಗೌರಿಬಿದನೂರು ಕಡೆ ಎಷ್ಟೋ ಮನೆಗಳ ಹಾಗೆ ಅವರ ಮನೆ ಮಾತು ತೆಲುಗು. ಕನ್ನಡ ಫ್ಯಾಕ್ಟರಿಯದು.

ಭಾನುವಾರವೇ ಯಾಕೆ ಬರುತ್ತೀರಿ ಎಂದು ಕೇಳಿದ್ದೆ. ಒಂದು ದಿನ ರಜೆ ಹಾಕಿದರೆ ಆ ದಿನದ ಕೂಲಿಯ ಜೊತೆಗೆ ಇಡೀ ತಿಂಗಳ ಹಾಜರಿ ಬೋನಸ್, 600 ರೂಪಾಯಿ, ಹೋಗುತ್ತದೆ. ಮಂಚೇನಹಳ್ಳಿ ಮೇಲೆ ಬರುವ ಬಸ್ಸು ಹೆಂಗಸರಿಗೆ 2023ರ ಜೂನ್‌ನಿಂದ ಪುಕ್ಕಟೆ. ಆದರೆ ನನ್ನ ಹತ್ತಿರ ಬರೋದು ಪುಕ್ಕಟೆ ಅಲ್ಲ. ಸರಿ, ಭಾನುವಾರ ಬಾಗಿಲು ತೆರೆದೆ. ನಾನು ಭಾನುವಾರ ಇಲ್ಲಿ ಕೂರಲೆಂದು ನಮ್ಮ ಮನೆಗೆಲಸದ ಹುಡುಗಿಯನ್ನೂ ಭಾನುವಾರ ಬರಲು ಹೇಳಿದ್ದೆ. ಅದು ನನ್ನ ತಲೆಗೆ ಹೋಗಿದ್ದು ಮೂರನೇ ವಾರಕ್ಕೆ. ಇದನ್ನು ಹೇಳದೆ ಮುಂದಿನದನ್ನು ಹೇಳಿದರೆ ಸರಿಯಲ್ಲ.

ಮೂರನೇ ವಾರ ಸರೋಜ ಒಬ್ಬರೇ ಬಂದರು. ಪ್ರೊಡಕ್ಷನ್ ಶೀಟಿನ ಹಿಂಭಾಗದಲ್ಲಿ ಬರೆದುಕೊಂಡು ಬಂದಿದ್ದರು. ಒಂದೂವರೆ ಪುಟ.

ಅವರ ಲೈನ್‌ನಲ್ಲಿ ಶರ್ಟು ಹೊಲಿಯುತ್ತಾರೆ. ಒಬ್ಬರು ಕಾಲರ್, ಒಬ್ಬರು ಕಫ್, ಒಬ್ಬರು ತೋಳು ಕೂಡಿಸುವುದು, ಹೀಗೆ ಸಾಲಾಗಿ ಮಷೀನು. ಗಂಟೆಗೊಮ್ಮೆ ಎಷ್ಟು ಪೀಸ್ ಬಂತು ಎಂದು ಬೋರ್ಡಿನ ಮೇಲೆ ಬರೆಯಬೇಕು. ನಡುವೆ ಒಬ್ಬಳು ಎದ್ದರೆ ಅವಳ ಮುಂದೆ ಬಂಡಲ್ ಗುಡ್ಡೆ ಬೀಳುತ್ತದೆ, ಅವಳ ಮುಂದಿನವಳು ಕೈ ಕಟ್ಟಿ ಕೂರುತ್ತಾಳೆ. ಹಾಗಾಗಿ ಟಾಯ್ಲೆಟ್‌ಗೆ ಟೋಕನ್. ಲೈನ್‌ಗೆ ಎರಡೇ ಟೋಕನ್. ಟೋಕನ್ ಇರುವುದು ಸೂಪರ್‌ವೈಸರ್ ಕೈಯಲ್ಲಿ. ಅದಕ್ಕೇ ಎಷ್ಟೋ ಹೆಂಗಸರು ಬೆಳಿಗ್ಗೆಯಿಂದ ನೀರೇ ಕುಡಿಯುವುದಿಲ್ಲ. ಉರಿಮೂತ್ರ ಅಲ್ಲಿ ಮಾಮೂಲಿ.

ತೋಳು ಕೂಡಿಸುವ ಮಷೀನಿನಲ್ಲಿ ಕೂರುತ್ತಿದ್ದವರು ಅಕ್ಕಯ್ಯ. ವಯಸ್ಸು ಐವತ್ತರ ಹತ್ತಿರ. ಸರೋಜಗೆ ಮಷೀನು ಕಲಿಸಿದವರು ಅವರೇ. ಊಟದ ಗಂಟೆಯಲ್ಲಿ ಚೂರು ಬಟ್ಟೆ ಮೇಲೆ ನೇರ ಹೊಲಿಗೆ ಹಾಕಿಸಿ ಹಾಕಿಸಿ, "ಹೆಲ್ಪರ್ ಆಗೇ ಸಾಯ್ಬೇಡ ಕಣೇ" ಅಂದವರು. ಆ ದಿನ ಹೊರದೇಶದ ಆರ್ಡರ್ ಲೋಡ್ ಆಗಬೇಕಿತ್ತು. ಬೆಳಿಗ್ಗೆ ಮೀಟಿಂಗಿನಲ್ಲಿ ಪ್ರೊಡಕ್ಷನ್ ಮ್ಯಾನೇಜರ್ ಫ್ಲೋರ್ ಇನ್‌ಚಾರ್ಜ್‌ಗೆ ಬೈದರು. ಇನ್‌ಚಾರ್ಜ್ ಸರೋಜಗೆ ಎಲ್ಲರ ಎದುರು ಬೈದರು. ಹನ್ನೊಂದೂವರೆಗೆ ಅಕ್ಕಯ್ಯ ಟೋಕನ್ ಕೇಳಿದರು. ಸರೋಜ ಕೊಡಲಿಲ್ಲ. ಮತ್ತೆ ಕೇಳಿದರು. "ಕೂತ್ಕೊಳೇ, ಊಟದ ಬೆಲ್ ಆಗೋವರ್ಗೂ ತಡ್ಕೊಳೋಕಾಗಲ್ವಾ" ಎಂದು ಇಡೀ ಲೈನಿಗೆ ಕೇಳುವಂತೆ ಕೂಗಿದರು.

ಅಕ್ಕಯ್ಯನಿಗೆ ತಡೆದುಕೊಳ್ಳಲು ಆಗಲಿಲ್ಲ.

ಅಲ್ಲಿಂದ ಮುಂದೆ ಸರೋಜ ಬರೆದದ್ದು ನಾಲ್ಕೇ ಸಾಲು. ಅಕ್ಕಯ್ಯ ಕಟ್ ಪೀಸ್ ತೆಗೆದುಕೊಂಡು ಸ್ಟೂಲು ಒರೆಸಿದರು. ಮತ್ತೆ ಕೂತು ಆ ಬಂಡಲ್ ಮುಗಿಸಿದರು. ಸಂಜೆ ವ್ಯಾನ್ ಹತ್ತಿದರು. ಮಾರನೇ ದಿನದಿಂದ ಬರಲಿಲ್ಲ.

ಮೂರನೇ ದಿನ ಬೆಳಿಗ್ಗೆ ಸರೋಜಗೆ ದನಿ ಹೋಗಿತ್ತು.

ಓದಿ ಮುಗಿಸಿದಾಗ ಅವರು ನನ್ನ ಮುಖವನ್ನೇ ನೋಡುತ್ತಿದ್ದರು. ಅವರು ಕಾಯುತ್ತಿದ್ದ ಮಾತು ಯಾವುದೆಂದು ನನಗೆ ಗೊತ್ತಿತ್ತು: ನಿಮ್ಮದೇನು ತಪ್ಪಿದೆ, ಮೇಲಿನವರು ಹೇಳಿದ್ದನ್ನು ಮಾಡಿದಿರಿ. ಆ ಮಾತು ನಾನು ಹೇಳಲಿಲ್ಲ. ಅರ್ಧ ನಿಜದಿಂದ ಸಿಗುವ ಸಮಾಧಾನ ಒಂದು ವಾರ ಬಾಳಿಕೆ ಬರುತ್ತದೆ, ಆಮೇಲೆ ಇನ್ನೊಂದು ಕಡೆ ನೋವು ಶುರುವಾಗುತ್ತದೆ. ಟೋಕನ್ ಪದ್ಧತಿ ಅವರು ತಂದದ್ದಲ್ಲ. ಟಾರ್ಗೆಟ್ ಅವರು ಹಾಕಿದ್ದಲ್ಲ. ಪೀಸಿಗೆ ಇಷ್ಟೇ ದುಡ್ಡು ಎಂದು ಎಲ್ಲೋ ಕೂತು ತೀರ್ಮಾನ ಮಾಡಿದವರ ಮುಖ ಅವರು ನೋಡಿಯೂ ಇಲ್ಲ. ಆದರೆ ಅಕ್ಕಯ್ಯನ ಮೇಲೆ ಕೂಗಿದ ಮಾತು ಬಂದದ್ದು ಅವರ ಬಾಯಿಂದಲೇ. ಎರಡನ್ನೂ ಹೇಳಿದೆ. "ಒಂದರಿಂದ ಇನ್ನೊಂದನ್ನ ಕಳೀಬೇಡಿ" ಅಂದೆ.

ಅವರು ಪಿಸುದನಿಯಲ್ಲಿ ಕೇಳಿದರು, "ಹಂಗಾರೆ ನಂಗೆ ಕಾಯ್ಲೆ ಅಲ್ವಾ ಮೇಡಂ?"

ದನಿ ಹೋಗಿರುವುದು ಕಾಯಿಲೆ, ಅದು ವಾಸಿಯಾಗುತ್ತೆ. ಮಾಡಿದ್ದಕ್ಕೆ ಮನಸ್ಸು ಚುಚ್ಚುತ್ತಿರುವುದು ಕಾಯಿಲೆ ಅಲ್ಲ, ಅದಕ್ಕೆ ನಾನು ಮದ್ದು ಕೊಡಲ್ಲ ಅಂದೆ. ಸ್ವಲ್ಪ ಒರಟಾಯಿತೇನೋ. ಅವರಿಗೆ ಅದು ಹಿಡಿಸಿತು ಎಂದು ಆಮೇಲೆ ಹೇಳಿದರು.

ಆಮೇಲೆ ಸಂಬಳದ ಮಾತು ಬಂತು. ಟೈಲರ್‌ಗಳಿಗೆ ಮೂಲ ವೇತನ, ತುಟ್ಟಿಭತ್ಯೆ ಸೇರಿ 11,440. ಪಿಎಫ್, ಇಎಸ್‌ಐ ಅನ್ನುವ ಕಾರ್ಮಿಕರ ವಿಮೆಯ ಕಂತು ಕಳೆದು ಕೈಗೆ ಹತ್ತು ಸಾವಿರ. ಸರೋಜಗೆ 16,500. ನಡುವಿನ ಐದು ಸಾವಿರದ ಸುತ್ತ ಬಹಳ ಹೊತ್ತು ಮಾತಾಡಿದೆವು. ಆ ದುಡ್ಡು ಮಗಳ ಕಾಲೇಜಿಗೆ ಹೋಗುತ್ತದೆ. ಬಡವರ ಮೇಲೆ ಬಡವರನ್ನೇ ಕಾವಲಿಗೆ ಹಾಕಲು ಅದಕ್ಕಿಂತ ಜಾಸ್ತಿ ದುಡ್ಡು ಬೇಕಾಗಿಲ್ಲ. ಒಂದೇ ವ್ಯಾನಿನಲ್ಲಿ ಬಂದವರು, ಒಂದೇ ಥರದ ಡಬ್ಬಿ ಬಿಚ್ಚುವವರು. ಒಬ್ಬಳ ಕೊರಳಿಗೆ ಬೇರೆ ಬಣ್ಣದ ಟ್ಯಾಗ್ ಬಿತ್ತು, "ಅಕ್ಕ" ಹೋಗಿ "ಏನೇ" ಬಂತು. ಸರೋಜ ಲೈನಿನಲ್ಲಿ ಯಾರನ್ನೂ ಬಹುವಚನದಲ್ಲಿ ಕರೆಯುತ್ತಿರಲಿಲ್ಲವಂತೆ. ಕರೆದರೆ ಪ್ರೊಡಕ್ಷನ್ ಬರಲ್ಲ ಎಂದು ಇನ್‌ಚಾರ್ಜ್ ಮೊದಲ ವಾರವೇ ಹೇಳಿಕೊಟ್ಟಿದ್ದರಂತೆ.

ನಾನು ಕೊಟ್ಟ ಸಲಹೆ ಹೀಗಿತ್ತು.

ಮೊದಲು ರಜೆ. ಇಎಸ್‌ಐ ಕಾರ್ಡನ್ನು ಅವರು ಹೆರಿಗೆಗೆ, ಜ್ವರಕ್ಕೆ ಮಾತ್ರ ಅಂದುಕೊಂಡಿದ್ದರು. ತಿಂಗಳಿಗೆ 21,000 ರೂಪಾಯಿವರೆಗಿನ ಸಂಬಳದವರಿಗೆ ಅದು ಇದೆ. ಇಎಸ್‌ಐ ಡಾಕ್ಟರು ಕಾಯಿಲೆ ಎಂದು ಬರೆದುಕೊಟ್ಟರೆ, ಕಂತು ಸರಿಯಾಗಿ ಕಟ್ಟಿದ್ದರೆ, ವರ್ಷಕ್ಕೆ 91 ದಿನದವರೆಗೆ ಸಂಬಳದ ಶೇ. 70ರಷ್ಟು ಸಿಗುತ್ತದೆ. ಆ ರಜೆಯಲ್ಲಿದ್ದಾಗ ಕೆಲಸದಿಂದ ತೆಗೆಯುವ ಹಾಗಿಲ್ಲ. ಮೂರು ವಾರ ತೆಗೆದುಕೊಳ್ಳಿ ಅಂದೆ. ಎರಡು ವಾರ ತೆಗೆದುಕೊಂಡರು.

ಎರಡನೆಯದು ಅಕ್ಕಯ್ಯನ ವಿಷಯ. ಸರೋಜ ಹೋಗಿ ಕಾಲಿಗೆ ಬೀಳುತ್ತೇನೆ ಅಂದರು. ಬೇಡ ಅಂದೆ. ಕಾಲಿಗೆ ಬಿದ್ದವರನ್ನು ಎತ್ತುವ ಕೆಲಸವೂ ಅಕ್ಕಯ್ಯನಿಗೇ ಬೀಳುತ್ತದೆ. "ಹಣ್ಣು, ಸೀರೆ ಎರಡೂ ಬೇಡ. ಅವರಿಗೆ ಫ್ಯಾಕ್ಟರಿಯಿಂದ ಬರಬೇಕಾದ್ದು ಏನಿದೆ ಹೇಳಿ."

ಗೊತ್ತಿರಲಿಲ್ಲ. ನಾನೇ ಕಾಗದದ ಮೇಲೆ ಲೆಕ್ಕ ಹಾಕಿದೆ. ಅಕ್ಕಯ್ಯ ಅಲ್ಲಿ ದುಡಿದದ್ದು ಹನ್ನೊಂದು ವರ್ಷ ಮೂರು ತಿಂಗಳು. ಆಗ ಜಾರಿಯಲ್ಲಿದ್ದ 1972ರ ಗ್ರಾಚ್ಯುಟಿ ಕಾಯ್ದೆ ಪ್ರಕಾರ ಐದು ವರ್ಷ ಸತತವಾಗಿ ದುಡಿದವರು ಕೆಲಸ ಬಿಟ್ಟರೆ ವರ್ಷಕ್ಕೆ ಹದಿನೈದು ದಿನದ ಸಂಬಳ ಬರಬೇಕು. ತಿಂಗಳೆಂದರೆ 26 ದಿನ. 11,440ನ್ನು 26ರಿಂದ ಭಾಗಿಸಿದರೆ ದಿನಕ್ಕೆ 440. ಹದಿನೈದು ದಿನಕ್ಕೆ 6,600. ಹನ್ನೊಂದು ವರ್ಷಕ್ಕೆ 72,600 ರೂಪಾಯಿ. ಹೇಳದೆ ಕೇಳದೆ ಬಿಟ್ಟು ಹೋದರೆ ಎಲ್ಲಾ ಹೋಯಿತು ಎಂದು ಗಾರ್ಮೆಂಟ್ಸ್ ಹೆಂಗಸರು ನಂಬಿದ್ದಾರೆ. ಹೋಗುವುದಿಲ್ಲ. ಆಗ ನಮೂನೆ ಐ ಅನ್ನುವ ಅರ್ಜಿ ಕೊಡಬೇಕಿತ್ತು, ತಡವಾಗಿ ಕೊಟ್ಟರೂ ಹಕ್ಕು ಉಳಿಯುತ್ತದೆ. ಕೊಡದಿದ್ದರೆ ಕಾರ್ಮಿಕ ಇಲಾಖೆಗೆ ದೂರು. ವಕೀಲರು ಬೇಕಾದರೆ ಹೆಂಗಸರಿಗೆ ಆದಾಯ ಎಷ್ಟೇ ಇರಲಿ ಕಾನೂನು ಸೇವಾ ಪ್ರಾಧಿಕಾರದಿಂದ ಪುಕ್ಕಟೆ, ನಂಬರ್ 15100. ಪಿಎಫ್ ಬೇರೆ ಇದೆ. 2016ರಲ್ಲಿ ಆ ಪಿಎಫ್ ನಿಯಮ ಬದಲಿಸಲು ಹೊರಟಾಗ ಬೆಂಗಳೂರಿನ ರಸ್ತೆಗಿಳಿದು ಆದೇಶ ವಾಪಸ್ ತೆಗೆಸಿದವರು ಇದೇ ಗಾರ್ಮೆಂಟ್ಸ್ ಹೆಂಗಸರು.

"ಅರ್ಜಿ ತುಂಬಿಸ್ಕೊಂಡು ಹೋಗಿ. ಸೇರಿದ ತಾರೀಕು, ಕೆಲಸಗಾರರ ನಂಬರ್, ಪಿಎಫ್ ನಂಬರ್ ಎಲ್ಲಿ ಸಿಗುತ್ತೆ ಅನ್ನೋದು ನಿಮಗೆ ಗೊತ್ತು. ನೀವು ಏನ್ ಮಾಡಿದ್ರಿ ಅಂತ ಒಂದೇ ಸಲ ಹೇಳಿ. ಯಾಕೆ ಮಾಡಿದ್ರಿ ಅಂತ ಹೇಳ್ಬೇಡಿ. ಕ್ಷಮಿಸಿದ್ರಾ ಅಂತ ಕೇಳ್ಬೇಡಿ."

ಮೂರನೆಯದು ಟೋಕನ್. ಆಗ ಜಾರಿಯಲ್ಲಿದ್ದ 1948ರ ಕಾರ್ಖಾನೆ ಕಾಯ್ದೆಯ 19ನೇ ಕಲಮು ತೆಗೆದು ಓದಿಸಿದೆ. ಕಾರ್ಮಿಕರು ಕಾರ್ಖಾನೆಯಲ್ಲಿರುವಷ್ಟು ಹೊತ್ತೂ, ಯಾವಾಗ ಬೇಕಾದರೂ ಶೌಚಾಲಯಕ್ಕೆ ಹೋಗುವಂತಿರಬೇಕು ಅಂತ ಅದರಲ್ಲಿತ್ತು. ಸರೋಜ ಎರಡು ಸಲ ಓದಿ ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡರು. ಎಲ್ಲಾ ಮಷೀನೂ ಗೊತ್ತಿರುವ ಒಬ್ಬ ಫ್ಲೋಟರ್ ಕೊಡಿ ಎಂದು ಮೀಟಿಂಗಿನಲ್ಲಿ ಕೇಳಿ ಅಂದೆ. ಕೊಡದೇ ಇದ್ದರೆ? ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಕೋಣೆಯಲ್ಲಿ ಕೂತು ಸಲಹೆ ಕೊಡುವುದು ಸುಲಭ, ಅಲ್ವಾ.

ಅಕ್ಕಯ್ಯನ ಮನೆಗೆ ಹೋದದ್ದು ಮಾರ್ಚ್ ಕೊನೆಯಲ್ಲಿ. ಅಷ್ಟು ಹೊತ್ತಿಗೆ ಸರೋಜಗೆ ಒಡಕು ದನಿ ಬಂದಿತ್ತು. ಅಕ್ಕಯ್ಯ ಬಾಗಿಲಲ್ಲೇ ಅವರನ್ನು ನೋಡಿ, "ಬನ್ನಿ ಮೇಡಂ, ಕೂತ್ಕೊಳ್ಳಿ" ಅಂದರಂತೆ. ಹತ್ತು ವರ್ಷ "ಕಣೇ" ಅಂದ ಬಾಯಿ. ಸರೋಜ ಇದನ್ನು ಹೇಳುವಾಗ ನಾಲ್ಕು ಸಲ ತಡೆದರು. ಅವರು ಹೇಳಬೇಕಾದ್ದನ್ನು ಅಕ್ಕಯ್ಯ ನೆಲ ನೋಡುತ್ತಾ ಕೇಳಿಸಿಕೊಂಡರು. ಅರ್ಜಿ ತೆಗೆದುಕೊಂಡರು, ಎಲ್ಲಿ ಸೈನ್ ಅಂತ ಕೇಳಿದರು, ಹಾಕಿದರು. ಕಾಫಿ ಕೊಟ್ಟರು. "ಆಯ್ತು ಮೇಡಂ, ಬಸ್ಸಿಗೆ ಹೊತ್ತಾಗುತ್ತೆ ನಿಮ್ಗೆ" ಅಂದರು. ಅಷ್ಟೇ.

ಆ ವಾರ ಸರೋಜ ನನ್ನ ಮೇಲೆ ಸಿಟ್ಟಾಗಿದ್ದರು. ಬೈದಿದ್ದರೂ ಚೆನ್ನಾಗಿತ್ತು ಅಂದರು. ಹೌದು, ಬೈಗುಳ ಸುಲಭ ಅಂದೆ.

ಫ್ಯಾಕ್ಟರಿಯಲ್ಲಿ ಫ್ಲೋಟರ್ ಕೊಡಲಿಲ್ಲ. ಮತ್ತೆ ಟೈಲರ್ ಮಾಡಿ ಎಂದು ಕೇಳಿದರೆ ಹಾಗೆಲ್ಲ ಇಳಿಸೋಕೆ ಬರಲ್ಲ ಅಂದರು. ಸರೋಜ ಟೋಕನ್ ಎರಡನ್ನೂ ಡ್ರಾದಲ್ಲಿ ಹಾಕಿದರು. ಯಾರಾದರೂ ಎದ್ದರೆ ಆ ಮಷೀನಿಗೆ ತಾನೇ ಕೂರುತ್ತಾರೆ. ಕೈ ಇನ್ನೂ ಓಡುತ್ತದೆ. ಗಟ್ಟಿ ಕೂಗಲು ಆಗದ್ದರಿಂದ ಹತ್ತಿರ ಹೋಗಿ ಹೇಳುತ್ತಾರೆ. ಕೆಲವು ದಿನ ಟಾರ್ಗೆಟ್ ಬರುವುದಿಲ್ಲ. "ಆಗ ಬೈಸ್ಕೊಂತೀನಿ ಮೇಡಂ. ಲೈನಿಗೆ ತರಲ್ಲ." ಎಷ್ಟು ದಿನ ಹೀಗೆ ನಡೆಯುತ್ತದೋ. ಬೇರೆ ಲೈನಿನ ಸೂಪರ್‌ವೈಸರ್‌ಗಳು ಇವರ ಜೊತೆ ಊಟಕ್ಕೆ ಕೂರುವುದಿಲ್ಲವಂತೆ.

ಆಗಸ್ಟ್‌ನಲ್ಲಿ ಫೋನ್ ಬಂತು. ಅಕ್ಕಯ್ಯನ ಖಾತೆಗೆ ದುಡ್ಡು ಬಿದ್ದಿದೆ, ಆದರೆ 66,000. ಮೊದಲ ವರ್ಷ ಟ್ರೈನಿಂಗ್ ಎಂದು ಬಿಟ್ಟಿದ್ದಾರೆ. ಅಕ್ಕಯ್ಯ ಪಾಸ್‌ಬುಕ್ ಹಿಡಿದು ತಾವೇ ಸರೋಜಗೆ ಫೋನ್ ಮಾಡಿದ್ದರು.

"ಏನಂದ್ರು?" ಅಂದೆ.

"ಒಂದು ವರ್ಷದ್ದು ತಿಂದವ್ರೆ ಕಣೇ, ನೀನೇ ಹೋಗಿ ಕೇಳು ಅಂದ್ಲು ಮೇಡಂ."

ಮೊದಲ ತಿಂಗಳ ಸಂಬಳದ ಚೀಟಿ ಅಕ್ಕಯ್ಯನ ಹತ್ತಿರ ಇದೆಯಾ ಎಂದು ಕೇಳಿದೆ. ಪಿಎಫ್ ಯಾವ ತಿಂಗಳಿಂದ ಕಟ್ಟಿದ್ದಾರೆ ನೋಡಿ, ಅದೇ ಸಾಕ್ಷಿ ಅಂದೆ. ಸೋಮವಾರ ಎಚ್.ಆರ್. ಹತ್ತಿರ ಹೋಗುತ್ತೇನೆ ಅಂದರು.