ಆಯುಧ ಪೂಜೆಗೆ ಇಟ್ಟ ಪಾಸ್‌ಪೋರ್ಟು: ಓದುಗರ ಪ್ರಶ್ನೆಗಳು

ಪ್ರಶ್ನೆ: ಮೇಡಂ, ಆಯುಧ ಪೂಜೆ ದಿನ ನಮ್ಮಮ್ಮ ಕಾರು, ಲ್ಯಾಪ್‌ಟಾಪು, ಹೊಲಿಗೆ ಮಷೀನು ಎಲ್ಲಾದ್ರ ಜೊತೆ ನನ್ನ ಪಾಸ್‌ಪೋರ್ಟೂ ಇಟ್ಟು ಅರಿಶಿನ ಕುಂಕುಮ ಹಚ್ಚಿಬಿಟ್ಟಿದ್ದಾರೆ. ಕವರ್ ಮೇಲೊಂದು ಬೊಟ್ಟು, ಒಳಗೆ ಫೋಟೋ ಪೇಜಿನ ಕೆಳಗೂ ಕೆಂಪು ಕಲೆ. ಡಿಸೆಂಬರ್‌ಗೆ ಸಿಂಗಾಪುರ, ಬಾಲಿ ಟಿಕೆಟ್ ಬುಕ್ ಆಗಿದೆ. ಒರೆಸಿಕೊಂಡು ಹೋದ್ರೆ ನಡೆಯುತ್ತಾ?
– ಕುವೆಂಪುನಗರ, ಮೈಸೂರು

ಉತ್ತರ: ಅಮ್ಮನ್ನ ಬೈಬೇಡಿ ಪಾಪ, ಮಗನ್ನ ವಿಮಾನ ಹತ್ತಿಸೋದು ಆ ಪುಸ್ತಕಾನೇ ತಾನೆ, ಅವ್ರ ಲೆಕ್ಕದಲ್ಲಿ ಅದೂ ಆಯುಧಾನೇ. ಕವರ್ ಮೇಲಿನ ಬೊಟ್ಟಿಗೆ ತಲೆ ಕೆಡಿಸ್ಕೋಬೇಡಿ, ಒಣಬಟ್ಟೇಲಿ ಮೆಲ್ಲಗೆ ಒರೆಸಿ ಸಾಕು. ನೀರು ಮುಟ್ಟಿಸ್ಬೇಡಿ, ಕುಂಕುಮ ಇನ್ನೂ ಹರಡುತ್ತೆ, ಸ್ಯಾನಿಟೈಸರ್ ಅಂತೂ ಬೇಡವೇ ಬೇಡ.

ಫೋಟೋ ಪೇಜಿನ ಕಥೆ ಬೇರೆ. ಅದರ ತಳದಲ್ಲಿ ನಿಮ್ಮ ಹೆಸ್ರು, ನಂಬರ್ರು, ಮಧ್ಯೆ ಮಧ್ಯೆ ಬಾಣದ ತುದಿ ಥರ ಗುರುತು ಇರೋ ಎರಡು ಸಾಲು ಇದೆಯಲ್ಲ, ಸಾಲಿಗೆ 44 ಅಕ್ಷರ, ಇಮಿಗ್ರೇಶನ್ ಮಷೀನು ಓದೋದು ಅದನ್ನೇ. ಕಲೆ ಅದರ ಮೇಲಾಗ್ಲಿ ಫೋಟೋ ಮೇಲಾಗ್ಲಿ ಕೂತಿದ್ರೆ ನಾನಾಗಿದ್ರೆ ಆ ಪಾಸ್‌ಪೋರ್ಟ್ ಹಿಡ್ಕೊಂಡು ಹೊರಡ್ತಿರ್ಲಿಲ್ಲ. ಮಷೀನ್ ಓದಿದ್ರೂ ಚೆಕ್‌ಇನ್ ಕೌಂಟರ್‌ನಲ್ಲಿ ಕೂತವ್ರು ಇದು ಡ್ಯಾಮೇಜ್ ಅಂದ್ರೆ ಕಥೆ ಅಲ್ಲೇ ಮುಗೀತು. ಅವ್ರು ಸುಮ್ಮನೆ ಕೊಬ್ಬಿಗೆ ಹಾಗಾಡೋದಲ್ಲ ಕಣ್ರೀ, ಆ ದೇಶದವ್ರು ಒಳಗೆ ಬಿಡ್ದೆ ವಾಪಸ್ ಅಟ್ಟಿದ್ರೆ ನಿಮ್ಮನ್ನ ಕರ್ಕೊಂಡು ಬರೋ ಜವಾಬ್ದಾರಿ ಏರ್‌ಲೈನ್‌ದು, ಮೇಲೆ ದಂಡಾನೂ ಬೀಳಬಹುದು. ಅದ್ರಲ್ಲೂ ಬಾಲಿಗೆ ಹೋಗೋರ ಪಾಸ್‌ಪೋರ್ಟ್ ಅಂದ್ರೆ ಚೂರು ಹರಿದಿದ್ರೂ ತಿರುಗಿಸಿ ತಿರುಗಿಸಿ ನೋಡ್ತಾರೆ.

ಹಾಗಾಗಿ ಈಗ್ಲೇ ರೀಇಶ್ಯೂಗೆ ಹಾಕಿ. ಮಾಮೂಲಿ ರೀಇಶ್ಯೂ 36 ಪೇಜಿಂದಕ್ಕೆ 1500 ರೂಪಾಯಿ, ಡ್ಯಾಮೇಜ್ ಅಂದ್ರೆ 3000, ಜೊತೆಗೆ ಹೇಗೆ ಹಾಳಾಯ್ತು ಅಂತ ಒಂದು ಅಫಿಡವಿಟ್ಟು. ದುಡ್ಡು ಉಳಿಸೋಕೆ ಹೋಗಿ ಬೇರೆ ಕಾರಣ ಬರೀಬೇಡಿ, ಕೌಂಟರ್‌ನಲ್ಲಿ ಪೇಜ್ ತೆಗೆದ ತಕ್ಷಣ ಕಾಣುತ್ತೆ. ಪೋಸ್ಟಾಫೀಸಲ್ಲೇ ಪಾಸ್‌ಪೋರ್ಟ್ ಸೇವಾ ಕೇಂದ್ರ 2017ರ ಜನವರಿಯಲ್ಲಿ ಶುರುವಾಗಿದ್ದೇ ನಮ್ಮ ಮೈಸೂರಲ್ಲಿ, ಹಾಗಾಗಿ ಮೊದ್ಲು ಇಲ್ಲೇ ಅಪಾಯಿಂಟ್‌ಮೆಂಟ್ ಇದೆಯಾ ನೋಡಿ, ಆಮೇಲೆ ಬೆಂಗಳೂರು ಬಸ್ ಹತ್ತೋದು. ಮುಂದಿನ ವರ್ಷ ಪೂಜೆಗೆ ಇಡೋದಾದ್ರೆ ಜಿಪ್ ಇರೋ ಪ್ಲಾಸ್ಟಿಕ್ ಕವರ್ ಒಳಗೆ ಹಾಕಿಟ್ಟು ಕುಂಕುಮ ಕವರ್‌ಗೆ ಹಚ್ಚೋಕೆ ಹೇಳಿ, ದೇವ್ರೇನೂ ಬೇಜಾರು ಮಾಡ್ಕೊಳಲ್ಲ.

ಪ್ರಶ್ನೆ: ಮಗಳ ಬಾಣಂತನಕ್ಕೆ ನಾನು, ನನ್ನ ಹೆಂಡತಿ ಅಮೆರಿಕಕ್ಕೆ ಹೋಗ್ಬೇಕು. ಹತ್ತು ವರ್ಷದ ವೀಸಾ ಹಳೇ ಪಾಸ್‌ಪೋರ್ಟ್‌ನಲ್ಲಿದೆ, ಈಗ ಹೊಸ ಪಾಸ್‌ಪೋರ್ಟ್ ಬಂತು. ಆ ವೀಸಾ ಪೇಜನ್ನ ನೀಟಾಗಿ ಬಿಡಿಸಿ ಹೊಸದಕ್ಕೆ ಅಂಟಿಸ್ಕೋಬಹುದಾ?
– ಮಂಡ್ಯ

ಉತ್ತರ: ಅಯ್ಯೋ ಬೇಡ ಸಾರ್, ಕತ್ತರಿ ಒಳಗಿಡಿ! ವೀಸಾನ ಹಳೇದ್ರಿಂದ ಕಿತ್ರೆ ಅದು ಅಲ್ಲಿಗೇ ರದ್ದು. ಎರಡೂ ಪಾಸ್‌ಪೋರ್ಟ್ ಒಟ್ಟಿಗೆ ತಗೊಂಡು ಹೋಗಿ, ಹಳೇದ್ರ ಮೂಲೆ ಕತ್ತರಿಸಿ ಕ್ಯಾನ್ಸಲ್ ಸೀಲ್ ಹಾಕಿದ್ರೂ ವೀಸಾ ಪೇಜಿಗೆ ಏನೂ ಆಗದೇ ಇದ್ದು ವೀಸಾದ ಅವಧಿ ಇದ್ರೆ ಅದು ನಡೆಯುತ್ತೆ. ಎರಡನ್ನೂ ರಬ್ಬರ್ ಬ್ಯಾಂಡ್ ಹಾಕಿಟ್ಕೊಳ್ಳಿ, ಸ್ಟೇಪ್ಲರ್ ಹೊಡೀಬೇಡಿ, ಈಗ ಬರ್ತಿರೋ ಇ-ಪಾಸ್‌ಪೋರ್ಟ್‌ನಲ್ಲಿ ಚಿಪ್ ಬೇರೆ ಇರುತ್ತೆ. ಉಪ್ಪಿನಕಾಯಿ ಡಬ್ಬಿ ಇರೋ ಬ್ಯಾಗಲ್ಲಿ ಮಾತ್ರ ಇಡ್ಬೇಡಿ, ಅಮ್ಮಂದಿರ ಬ್ಯಾಗು ಹೇಗಿರುತ್ತೆ ಅಂತ ನಂಗೊತ್ತು.

ಪೇಜ್ ಹರಿಯೋ ವಿಷ್ಯ ಬಂತು ಅಂತ ಹೇಳ್ತೀನಿ, ಪಾಸ್‌ಪೋರ್ಟ್ ನಮ್ಮ ಕೈಲಿದ್ರೂ ಅದು ಭಾರತ ಸರ್ಕಾರದ ಸ್ವತ್ತು, ಅದರಲ್ಲೇ ಹಾಗಂತ ಪ್ರಿಂಟ್ ಆಗಿದೆ. ಹೆಂಡತಿಗೆ ಟ್ರಿಪ್ ವಿಷ್ಯ ಗೊತ್ತಾಗಬಾರ್ದು ಅಂತ ಸ್ಟ್ಯಾಂಪ್ ಇದ್ದ ಪೇಜ್‌ಗಳನ್ನೇ ಹರಿದು ಮುಂಬೈ ಏರ್‌ಪೋರ್ಟ್‌ನಲ್ಲಿ ಅರೆಸ್ಟ್ ಆದ ಭೂಪನ ಸುದ್ದಿ 2022ರಲ್ಲಿ ಬಂದಿತ್ತು. ಪ್ರತಿ ಪೇಜಿಗೂ ನಂಬರ್ ಇರುತ್ತೆ ಅನ್ನೋದೇ ಮರ್ತೋಗಿರ್ಬೇಕು.

ಪ್ರಶ್ನೆ: ಫ್ರೆಂಡ್ಸ್ ಜೊತೆ ಥಾಯ್ಲೆಂಡ್‌ಗೆ ಹೋಗ್ತಿದ್ದೀನಿ. ಪಾಸ್‌ಪೋರ್ಟ್ ರೂಮಲ್ಲಿ ಇಡೋದಾ, ಜೇಬಲ್ಲಾ? ಟೂರಿಸ್ಟ್ ಜಾಗದ ಸೀಲ್ ಅದರಲ್ಲೇ ಹಾಕಿಸ್ಕೊಂಡ್ರೆ?
– ಸರಸ್ವತಿಪುರಂ, ಮೈಸೂರು

ಉತ್ತರ: ಜೀನ್ಸ್ ಹಿಂದಿನ ಜೇಬಲ್ಲಿ ಅಂತೂ ಬೇಡ, ಕೂತು ಎದ್ದು ಬಗ್ಗಿಹೋಗುತ್ತೆ, ಬೆವರಿಗೆ ಪೇಜ್ ಅಂಟ್ಕೊಳುತ್ತೆ. ರೂಮಿನ ಲಾಕರ್‌ನಲ್ಲಿ ಇಟ್ಟು ಜೆರಾಕ್ಸು, ಫೋನಲ್ಲೊಂದು ಫೋಟೋ ಇಟ್ಕೊಂಡು ಓಡಾಡಿ. ಜಪಾನ್‌ಗೆ ಹೋದಾಗ ಮಾತ್ರ ಈ ಲೆಕ್ಕ ಹಾಕ್ಬೇಡಿ, ಅಲ್ಲಿ ಟೂರಿಸ್ಟ್‌ಗಳು ಪಾಸ್‌ಪೋರ್ಟ್ ಜೊತೆಗೇ ಇಟ್ಕೋಬೇಕು ಅಂತ ಕಾನೂನಿದೆ. ಏಪ್ರಿಲ್ ಮಧ್ಯದಲ್ಲಿ ಸೊಂಗ್‌ಕ್ರಾನ್ ಹಬ್ಬಕ್ಕೆ ಸಿಕ್ಕಿಹಾಕ್ಕೊಂಡ್ರೆ ಬೀದಿ ಬೀದೀಲಿ ನೀರೆರಚ್ತಾರೆ, ನಮ್ಮ ಓಕುಳಿ ಇದ್ದಂಗೆ, ಆವತ್ತು ಆಚೆ ತೆಗೀಲೇಬೇಡಿ.

ಬಾಡಿಗೆ ಸ್ಕೂಟರ್ ಅಂಗಡಿಯವ್ರು ಪಾಸ್‌ಪೋರ್ಟೇ ಅಡ ಇಡಿ ಅಂತಾರೆ, ಕೊಡ್ಬೇಡಿ, ಆಮೇಲೆ ಗೀರು ಬಿದ್ದಿದೆ ದುಡ್ಡು ಕೊಡಿ ಅಂತ ಶುರು ಮಾಡಿದ್ರೆ ಜುಟ್ಟು ಅವ್ರ ಕೈಲಿರುತ್ತೆ. ದುಡ್ಡಿನ ಡೆಪಾಸಿಟ್ ತಗೊಳ್ಳೋ ಅಂಗಡಿ ಹುಡುಕಿ. ಟೂರಿಸ್ಟ್ ಸೀಲ್ ಡೈರಿಗೆ ಹಾಕಿಸ್ಕೊಳ್ಳಿ, ಇಮಿಗ್ರೇಶನ್ ಬಿಟ್ಟು ಬೇರೆ ಯಾರ ಸೀಲೂ ಪಾಸ್‌ಪೋರ್ಟಿಗೆ ಬೇಡ, ಮುಂದಿನ ದೇಶದವ್ರು ಅದನ್ನೇ ಹಿಡ್ಕೊಂಡು ನಿಲ್ಲಿಸಬಹುದು.

ಅಕಸ್ಮಾತ್ ಕಳೆದುಹೋದ್ರೆ ಅಲ್ಲಿನ ಪೊಲೀಸ್ ಸ್ಟೇಷನ್‌ನಲ್ಲಿ ಕಂಪ್ಲೇಂಟ್ ಕೊಟ್ಟು ಅದ್ರ ಕಾಪಿ ಹಿಡ್ಕೊಂಡು ಭಾರತದ ರಾಯಭಾರ ಕಚೇರಿಗೆ ಹೋಗಿ. ಹೊಸ ಪಾಸ್‌ಪೋರ್ಟಿಗೆ ಕಾಯೋಕಾಗಲ್ಲ ಅಂದ್ರೆ ಎಮರ್ಜೆನ್ಸಿ ಸರ್ಟಿಫಿಕೇಟ್ ಕೊಡ್ತಾರೆ, ಅದರಲ್ಲಿ ಭಾರತಕ್ಕೆ ವಾಪಸ್ ಬರಬಹುದು ಅಷ್ಟೇ, ಅಲ್ಲಿಂದ ವಿಯೆಟ್ನಾಂ ನೋಡ್ಕೊಂಡು ಬರ್ತೀನಿ ಅನ್ನೋ ಪ್ಲಾನ್ ಇದ್ರೆ ಕೈಬಿಡಿ.