ನೂರು ದಿನ ಬಿಟ್ಟೆ, ಮತ್ತೆ ಕುಡಿದೆ: ಸಭೆಗೆ ಹೋಗೋದು ಹೇಗೆ?

ಪ್ರಶ್ನೆ: ನಾನು ಬನಹಟ್ಟಿಯವನು, ವಯಸ್ಸು 39, ಪವರ್‌ಲೂಮ್ ಮಗ್ಗದ ಕೆಲಸ. ಹೋದ ವರ್ಷ ಎಂಟು ದಿನದ ಮದ್ಯವರ್ಜನ ಶಿಬಿರಕ್ಕೆ ಹೋಗಿದ್ದೆ. ನೂರು ದಿನ ಮುಟ್ಟಲಿಲ್ಲ. ತಂಗಿಯ ಮದುವೆಯಲ್ಲಿ ಒಂದು ಪೆಗ್‌ನಿಂದ ಮತ್ತೆ ಶುರುವಾಯಿತು, ಈಗ ದಿನಾ ಎರಡು ಕ್ವಾರ್ಟರ್. ಕುಡಿತ ಬಿಟ್ಟವರ ಸಭೆ ಅಂತ ಇರುತ್ತದಂತೆ. ಎಲ್ಲಿ ಹುಡುಕಲಿ? ಖರ್ಚೆಷ್ಟು? ಓಣಿಯಲ್ಲಿ ಗೊತ್ತಾದರೆ ಹೇಗೆ ಮುಖ ತೋರಿಸಲಿ? (ಹೆಸರು ಬೇಡ)

ಉತ್ತರ: ಆ ನೂರು ದಿನ ನೀವೇ ಗಳಿಸಿದ್ದು. ಮದುವೆಮನೆಯ ಪೆಗ್ ಅದನ್ನು ಅಳಿಸಿಲ್ಲ. ಶಿಬಿರ ಎಂಟು ದಿನಕ್ಕೆ ಮುಗಿಯುತ್ತದೆ. ಆದರೆ ಪಗಾರ ಎಣಿಸಿಕೊಂಡು ಮಗ್ಗದಿಂದ ಮನೆಗೆ ನಡೆಯುವ ದಾರಿ ವಾರವಾರವೂ ಇರುತ್ತದೆ, ಅಲ್ವಾ? ಸಭೆ ಬೇಕಾಗೋದು ಆ ದಾರಿಗೆ.

ಅದಕ್ಕೂ ಮೊದಲು ಒಂದು ಮಾತು. ದಿನಾ ಇಷ್ಟು ಕುಡಿಯುವವರು ನಾಳೆಯಿಂದಲೇ ಬಂದ್ ಅಂತ ತಾವಾಗಿಯೇ ಒಮ್ಮೆಲೇ ನಿಲ್ಲಿಸಬಾರದು. ಕೈ ನಡುಗುತ್ತದೆ, ಬೆವರು ಬರುತ್ತದೆ, ನಿದ್ದೆ ಬರುವುದಿಲ್ಲ. ಕೆಲವರಿಗೆ ಮೊದಲ ಎರಡು ದಿನದಲ್ಲಿ ಫಿಟ್ಸ್ ಬರುತ್ತದೆ. ಎರಡರಿಂದ ನಾಲ್ಕನೇ ದಿನದೊಳಗೆ ಇಲ್ಲದ ಹುಳ, ಇಲ್ಲದ ಜನ ಕಂಡು ಬಡಬಡಿಸುವವರೂ ಇದ್ದಾರೆ. ಹಾಗಾದರೆ ಜೀವಕ್ಕೇ ಅಪಾಯ, ತಕ್ಷಣ 108ಕ್ಕೆ ಫೋನ್ ಮಾಡಬೇಕು. ಬಾಗಲಕೋಟೆ ಜಿಲ್ಲಾಸ್ಪತ್ರೆಯ ಮನೋವೈದ್ಯರನ್ನು ಮೊದಲು ಕಾಣಿ. ಅಷ್ಟು ದೂರ ಆಗದಿದ್ದರೆ, ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರು ನೋಡುವ ಮನೋಚೈತನ್ಯ ಎಂಬ ಸರ್ಕಾರಿ ಯೋಜನೆ ಇದೆ. ಯಾವ ಮಂಗಳವಾರ ಬರುತ್ತಾರೆ ಎಂದು ಕೇಳಿಕೊಂಡು ಹೋಗಿ.

ಈಗ ಸಭೆಯ ವಿಷಯ. ನಿಮ್ಮ ಶಿಬಿರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯದ್ದಾಗಿದ್ದರೆ ಜಾಸ್ತಿ ಹುಡುಕಬೇಕಿಲ್ಲ. ಶಿಬಿರ ಮುಗಿಸಿದವರಿಗೆಂದೇ ಅವರು ನವಜೀವನ ಸಮಿತಿಗಳನ್ನು ಮಾಡುತ್ತಾರೆ. ನಿಮ್ಮ ಜೊತೆ ಶಿಬಿರದಲ್ಲಿದ್ದ ಒಬ್ಬರಿಗೆ ಇವತ್ತೇ ಫೋನ್ ಮಾಡಿ. 'ಮತ್ತೆ ಕುಡಿದೆ' ಅಂತಲೇ ಹೇಳಿ. ಬೈಯುತ್ತಾರೆ ಅಂದುಕೊಂಡಿರುತ್ತೀರಿ. ನಾನು ಕಂಡ ಹಾಗೆ, ಅವರಲ್ಲಿ ಹೆಚ್ಚಿನವರು ಕೇಳೋದು 'ಈಗ ಎಲ್ಲಿದ್ದೀಯಾ?' ಅಂತ.

ಇನ್ನೊಂದು ಆಲ್ಕೊಹಾಲಿಕ್ಸ್ ಅನಾನಿಮಸ್, ಜನ ಎಎ ಅನ್ನುತ್ತಾರೆ. 1935ರಲ್ಲಿ ಅಮೆರಿಕದ ಒಬ್ಬ ಷೇರು ದಲ್ಲಾಳಿ ಮತ್ತು ಒಬ್ಬ ಶಸ್ತ್ರವೈದ್ಯ, ಇಬ್ಬರೂ ಕುಡುಕರೇ, ಒಬ್ಬರಿಗೊಬ್ಬರು ಆಸರೆಯಾಗಿ ಇದನ್ನು ಶುರು ಮಾಡಿದರು. ಫೀ ಇಲ್ಲ. ಕೊನೆಗೆ ಡಬ್ಬಿಯೊಂದು ಸುತ್ತು ಬರುತ್ತದೆ, ಇದ್ದವರು ಹಾಕುತ್ತಾರೆ. ಕುಡಿತ ಬಿಡುವ ಆಸೆ ಇದ್ದರೆ ಸಾಕು, ಬೇರೆ ಅರ್ಹತೆ ಕೇಳುವುದಿಲ್ಲ. ಹತ್ತಿರದ ಸಭೆ ಎಲ್ಲಿ ಎಂದು ಅವರ ವೆಬ್‌ಸೈಟಿನಲ್ಲಿ ನೋಡಬಹುದು, ಆಸ್ಪತ್ರೆಯ ಆಪ್ತ ಸಮಾಲೋಚಕರನ್ನೂ ಕೇಳಬಹುದು. ವ್ಯಸನಕ್ಕೆಂದೇ ಇರುವ ಸಹಾಯವಾಣಿ 14446, ಮನಸ್ಸಿನ ಆರೋಗ್ಯದ ಟೆಲಿ ಮಾನಸ್ 14416, ಎರಡೂ ಉಚಿತ. ಹೋಗುವ ಮುಂಚೆ ಎರಡು ಪ್ರಶ್ನೆ ಕೇಳಿ. ಸಭೆ ಯಾವ ಭಾಷೆಯಲ್ಲಿ? ಬೆಳಗಾವಿಗೆ ಹೋದರೆ ಮರಾಠಿ, ಹಿಂದಿಯಲ್ಲಿ ಮಾತಾಡುವವರೂ ಇರಬಹುದು. ತೆರೆದ ಸಭೆಯೋ, ಮುಚ್ಚಿದ್ದೋ? ತೆರೆದ ಸಭೆಗೆ ಮನೆಯವರೂ ಬರಬಹುದು. ಮುಚ್ಚಿದ್ದು ಕುಡಿತದ ತೊಂದರೆ ಇರುವವರಿಗೆ ಮಾತ್ರ.

ತೆರೆದ ಸಭೆಗಳಲ್ಲಿ ನಾನೂ ಹಿಂದಿನ ಸಾಲಿನಲ್ಲಿ ಕೂತಿದ್ದೇನೆ. ಒಮ್ಮೆ ಹೊಸಬರೊಬ್ಬರು ಬಂದರು. ಕೈ ನಡುಗುತ್ತಿತ್ತು. ಚಹಾ ಹಂಚುತ್ತಿದ್ದ ಹಿರಿಯರು ಎಲ್ಲರ ಕಪ್ ತುಂಬಿಸಿದರು, ಇವರದನ್ನು ಮಾತ್ರ ಅರ್ಧಕ್ಕೆ ನಿಲ್ಲಿಸಿದರು. ಏನೂ ಹೇಳಲಿಲ್ಲ. ಖಾಲಿಯಾದ ಮೇಲೆ ಬಂದು ಇನ್ನರ್ಧ ಹಾಕಿದರು. ಚಹಾ ಚೆಲ್ಲುವ ಕೈ ಹೇಗಿರುತ್ತದೆ ಅಂತ ಆ ಹಿರಿಯರಿಗೆ ಗೊತ್ತಿತ್ತು. ಮೊದಲ ದಿನ ನೀವೂ ಸುಮ್ನೆ ಕೂತು ಕೇಳಿ, ಸಾಕು. ಮಾತಾಡಲೇಬೇಕು ಅಂತಿಲ್ಲ. ಪೂರ್ತಿ ಹೆಸರೂ ಹೇಳಬೇಕಿಲ್ಲ. ಒಳಗೆ ಕೇಳಿದ್ದನ್ನು ಹೊರಗೆ ಆಡಬಾರದು ಅನ್ನೋದು ಅಲ್ಲಿಯ ಕಟ್ಟುನಿಟ್ಟಿನ ರೀತಿ.

ಓಣಿಯ ಮಾತಿಗೆ ಬಂದರೆ, ನೀವು ಕುಡಿಯೋದು ಓಣಿಗೆ ಈಗಾಗಲೇ ಗೊತ್ತಿರುತ್ತದೆ. ಗೊತ್ತಾಗದೆ ಇರೋದು ನೀವು ಬಿಡಲು ಒದ್ದಾಡುತ್ತಿರುವುದು. ನಮ್ಮದೇ ಜಿಲ್ಲೆಯ ಇಳಕಲ್ಲಿನ ಮಹಾಂತ ಶ್ರೀಗಳು 1975ರಿಂದ ಊರೂರು ತಿರುಗಿ ಜೋಳಿಗೆ ಒಡ್ಡಿದರು. ಕಾಳು-ಕಡಿ ಬೇಡಲಿಲ್ಲ, ಜನರ ಚಟ ಬೇಡಿದರು. ಎಷ್ಟೋ ಮಂದಿ ನಾಲ್ಕು ಜನರೆದುರೇ ಅದನ್ನು ಜೋಳಿಗೆಗೆ ಹಾಕಿದರು. ಶ್ರೀಗಳು ಹುಟ್ಟಿದ ಆಗಸ್ಟ್ 1 ಈಗ ರಾಜ್ಯದಲ್ಲಿ ವ್ಯಸನಮುಕ್ತ ದಿನ. ಇಂಥ ನೆಲದಲ್ಲಿ ನೀವು ನಾಚುವಂಥದ್ದು ಇದರಲ್ಲಿ ಏನೂ ಇಲ್ಲ.

ಪಗಾರದ ದಿನ ಸಂಜೆ ಸಭೆ ಸಿಕ್ಕರೆ ಅದನ್ನೇ ಹಿಡಿಯಿರಿ. ಸಿಗದಿದ್ದರೆ ಆ ಹೊತ್ತಿಗೆ ಆನ್‌ಲೈನ್ ಸಭೆ ಇದೆಯೇ ನೋಡಿ.

ಪ್ರಶ್ನೆ: ಗಂಡನಿಗೆ ತಿಳಿಯದಂತೆ ಊಟದಲ್ಲಿ ಕುಡಿತ ಬಿಡಿಸುವ ಪುಡಿ ಹಾಕಬಹುದೇ? (ಒಬ್ಬ ಗೃಹಿಣಿ, ಇಂಡಿ)

ಉತ್ತರ: ಬೇಡ ತಾಯಿ. ಇಂಥ ಪುಡಿಯಲ್ಲಿ ಡೈಸಲ್ಫಿರಾಮ್ ಎಂಬ ಕುಡಿತ ಬಿಡಿಸುವ ಔಷಧ ಇದ್ದರೆ, ಅದರ ಮೇಲೆ ಕುಡಿದಾಗ ವಾಂತಿ, ಎದೆಬಡಿತ ಜೋರಾಗಿ ಬಿಪಿ ಕುಸಿಯುತ್ತದೆ. ಜೀವವೂ ಹೋಗಬಹುದು. ನಿಲ್ಲಿಸಿದ ಮೇಲೂ ಎರಡು ವಾರದವರೆಗೆ ಇದರ ಪ್ರಭಾವ ಇರಬಹುದು. ವೈದ್ಯರು ಅದನ್ನು ರೋಗಿಗೆ ಹೇಳಿ, ಒಪ್ಪಿಸಿಯೇ ಕೊಡಬೇಕು. ಕುಡಿಯುವವರ ಮನೆಯವರಿಗೆಂದೇ ಅಲ್-ಅನಾನ್ ಸಭೆಗಳಿವೆ, ನಿಮ್ಮ ಗಂಡ ಬರದಿದ್ದರೂ ನೀವು ಹೋಗಬಹುದು. ಪುಡಿಯನ್ನು ಈಗಾಗಲೇ ಹಾಕಿದ್ದರೆ ಇವತ್ತೇ ನಿಲ್ಲಿಸಿ, ಡಬ್ಬಿ ಸಮೇತ ವೈದ್ಯರಿಗೆ ತೋರಿಸಿ.