ಉದ್ದೀಪನ ಮದ್ದು ಸೇವಿಸಿ ಸಿಕ್ಕಿಬಿದ್ದ ವೃತ್ತಿಪರ ಸೈಕಲ್ ಸ್ಪರ್ಧಿಗೆ ಮತ್ತೊಂದು ಅವಕಾಶ ಕೊಡಬೇಕೇ?

ಕೊಡಬಹುದು, ಆದರೆ ಸತ್ಯ ಬಾಯಿಬಿಟ್ಟವನಿಗೆ ಮಾತ್ರ. ಚಿತ್ರದುರ್ಗದ ಜೋಗಿಮಟ್ಟಿಯ ಏರಿನಲ್ಲಿ ಸೈಕಲ್ ತುಳಿಯುವ ನಮ್ಮ ಗೆಳೆಯರಲ್ಲಿ ಹಲವರು ಇದನ್ನು ಒಪ್ಪುವುದಿಲ್ಲ. ಅವರ ಸಿಟ್ಟಿನಲ್ಲಿ ಅರ್ಥವಿದೆ. ಇಪಿಒ ಎಂಬ ಮದ್ದು ರಕ್ತದ ಕೆಂಪು ಕಣಗಳನ್ನು ಹೆಚ್ಚಿಸುತ್ತದೆ, ಸ್ನಾಯುಗಳಿಗೆ ಹೆಚ್ಚು ಆಮ್ಲಜನಕ ಸಿಗುತ್ತದೆ. ಬರೀ ಬೆವರು ನಂಬಿ ತುಳಿದವನು ಹಿಂದೆ ಬೀಳುತ್ತಾನೆ, ಮರುವರ್ಷ ತಂಡದ ಒಪ್ಪಂದವೂ ಕೈತಪ್ಪಬಹುದು. ಅವನಿಗೆ ಎರಡನೇ ಅವಕಾಶ ಕೊಡುವವರು ಯಾರು?

ಆದರೂ ಬ್ರಿಟನ್ನಿನ ಡೇವಿಡ್ ಮಿಲ್ಲರ್ ಅವರನ್ನು ನೋಡಿ. 2004ರಲ್ಲಿ ತಪ್ಪೊಪ್ಪಿಕೊಂಡರು, ಎರಡು ವರ್ಷ ನಿಷೇಧ ಅನುಭವಿಸಿ ಮರಳಿದರು, ಆಮೇಲೆ ಮದ್ದಿನ ವಿರುದ್ಧ ಬಹಿರಂಗವಾಗಿ ಮಾತನಾಡಿದರು. ಸ್ಪೇನಿನ ವಾಲ್ವರ್ಡೆ ಕೂಡ ಎರಡು ವರ್ಷದ ನಿಷೇಧ ಮುಗಿಸಿ ಬಂದು 2018ರಲ್ಲಿ ವಿಶ್ವ ಚಾಂಪಿಯನ್ ಆದರು. ತಪ್ಪನ್ನು ಮಾತ್ರ ಒಪ್ಪಲಿಲ್ಲ. ನಿಯಮದ ಕಣ್ಣಿಗೆ ಇಬ್ಬರೂ ಒಂದೇ, ನನ್ನ ಕಣ್ಣಿಗಲ್ಲ.

ಮದ್ದು ಸೇವಿಸಿದ ಅಮೆರಿಕದ ಸೈಕಲ್ ಸ್ಪರ್ಧಿ ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್ ವಿಷಯ ಬೇರೆ. ಏಳು ಟೂರ್ ಡಿ ಫ್ರಾನ್ಸ್ ಪ್ರಶಸ್ತಿ ಕಳೆದುಕೊಳ್ಳುವ ಮೊದಲು ಅವರು ನಿಜ ಹೇಳಿದವರನ್ನೇ ಸುಳ್ಳುಗಾರರೆಂದು ಹಳಿದಿದ್ದರು. ಅಂಥವರಿಗೂ, ಸವಾರರಿಗೆ ಮದ್ದು ಒದಗಿಸಿದ ವೈದ್ಯರು ಮತ್ತು ವ್ಯವಸ್ಥಾಪಕರಿಗೂ ಆಜೀವ ನಿಷೇಧವೇ ತಕ್ಕುದು.